ಕ್ಲಾಕ್‌ಜೋರ್ಡನ್ ಇಕೋವಿಲೇಜ್ ಸುತ್ತಾಟ: ಚರಂಡಿ ನೋಡುವವನ ಕಣ್ಣಲ್ಲಿ

ಐರ್ಲೆಂಡಿನ ಲಿಮರಿಕ್ ಕಡೆ ಇರುವ ನಮ್ಮವರ ಮನೆಗೆ ಊರಿಂದ ಯಾರಾದರೂ ಬಂದರೆ ಮೊಹರ್ ಬಂಡೆ, ಬನ್ರಾಟಿ ಕೋಟೆ, ಕಿಲಾರ್ನಿ ಸರೋವರ ತೋರಿಸಿ ಕಳಿಸುತ್ತೇವೆ. ಈ ಪಟ್ಟಿಗೆ ಟಿಪ್ಪರರಿ ಕೌಂಟಿಯ ಕ್ಲಾಕ್‌ಜೋರ್ಡನ್ ಹಳ್ಳಿಯನ್ನೂ ಸೇರಿಸಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಾವಿರ ಜನರೂ ಇಲ್ಲದ ಹಳ್ಳಿ. ಅದರ ಬೆನ್ನಿಗೇ ಒಂದು ಹೊಸ ಬಡಾವಣೆ ಕಟ್ಟಿದ್ದಾರೆ, ಹೆಸರು ಇಕೋವಿಲೇಜ್, ಅಂದರೆ ಪರಿಸರಸ್ನೇಹಿ ಹಳ್ಳಿ. ಅಲ್ಲಿ ವಾಸ ಮಾಡುವವರೇ ಬಂದವರನ್ನು ಸುತ್ತಾಡಿಸಿ ತೋರಿಸುತ್ತಾರೆ. ನನ್ನ ವಿಮರ್ಶೆ ಆ ಸುತ್ತಾಟದ್ದು.

ನಾನು ಸಿವಿಲ್ ಎಂಜಿನಿಯರ್. ಪೈಪು, ಮ್ಯಾನ್‌ಹೋಲ್, ಮಳೆನೀರಿನ ಲೆಕ್ಕ, ಇದೇ ದಿನದ ಕೆಲಸ. ಬೇರೆಯವರು ಅಲ್ಲಿ ಬಣ್ಣಬಣ್ಣದ ಮನೆಗಳನ್ನು ನೋಡುತ್ತಾರೆ. ನಾನು ಮೊದಲು ನೋಡಿದ್ದು ನೀರು ಎಲ್ಲಿಗೆ ಹರಿಯುತ್ತದೆ ಎಂದು.

ಅದಕ್ಕೆ ಮುಂಚೆ ಒಂದು ಮಾತು ಹೇಳಬೇಕು. ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಕಾರು ಓಡಿಸಿದವರು ನೋಡಿರುತ್ತೀರಿ, ರಸ್ತೆಯುದ್ದಕ್ಕೂ ಹೊಲಗಳ ನಡುವೆ ಒಂಟಿ ಮನೆಗಳು. ಪ್ರತಿ ಮನೆಗೂ ಅದರದೇ ಸೆಪ್ಟಿಕ್ ಟ್ಯಾಂಕ್, ಹಾಲು ತರಬೇಕಾದರೂ ಕಾರು. ಇತ್ತ ಹಳ್ಳಿಯ ಮುಖ್ಯ ಬೀದಿಯಲ್ಲಿ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡಿರುತ್ತವೆ. ಊರು ಬೆಳೆಯುತ್ತಲೂ ಇದೆ, ಬರಿದಾಗುತ್ತಲೂ ಇದೆ. ಸರ್ಕಾರ ಇದನ್ನು ತಡೆಯಲು 2022ರಲ್ಲಿ ಟೌನ್ ಸೆಂಟರ್ ಫಸ್ಟ್ (ಊರಿನ ನಡುಭಾಗಕ್ಕೇ ಮೊದಲ ಆದ್ಯತೆ) ಎಂಬ ನೀತಿ ತಂದಿತು. ಖಾಲಿ ಬಿದ್ದ ಮನೆಯನ್ನು ದುರಸ್ತಿ ಮಾಡಿಕೊಂಡು ವಾಸಕ್ಕೆ ಬರುವವರಿಗೆ ಈಗ 50 ಸಾವಿರ ಯೂರೋವರೆಗೂ, ಪೂರ್ತಿ ಪಾಳುಬಿದ್ದಿದ್ದರೆ 70 ಸಾವಿರದವರೆಗೂ ಸಹಾಯಧನ ಕೊಡುತ್ತಾರೆ. ಕ್ಲಾಕ್‌ಜೋರ್ಡನ್ ಯೋಜನೆ ಇದಕ್ಕಿಂತ ಎಷ್ಟೋ ಹಳೆಯದು. 1999ರಲ್ಲಿ ಗುಂಪು ಕಟ್ಟಿಕೊಂಡವರು ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಂತರು: ಕಾಡಿನ ಮಧ್ಯೆ ಆಶ್ರಮದ ತರ ಕಟ್ಟುವುದು ಬೇಡ, ಈಗಾಗಲೇ ಇರುವ ಒಂದು ಹಳ್ಳಿಗೆ ಸೇರಿಸಿ ಕಟ್ಟೋಣ. ಶಾಲೆ, ಚರ್ಚು, ಪಬ್ಬು, ರೈಲು ನಿಲ್ದಾಣ ಇರುವ ಹಳ್ಳಿಗೆ.

ನನಗೆ ಇಡೀ ಸುತ್ತಾಟದಲ್ಲಿ ತುಂಬಾ ಹಿಡಿಸಿದ್ದು ಇದೇ. ಅಗಲವಾದ ಹಳೇ ಬೀದಿಯಲ್ಲಿ ನಡೆಯುತ್ತಾ ಇರುತ್ತೀರಿ, ಪಕ್ಕಕ್ಕೆ ತಿರುಗಿದರೆ ಹೊಸ ಬಡಾವಣೆ. ಗೇಟಿಲ್ಲ, ಕಾಂಪೌಂಡಿಲ್ಲ, ಕಾವಲಿನವನಿಲ್ಲ. ಹಳ್ಳಿಯ ಹುಡುಗರು ಸೈಕಲ್ಲಿನಲ್ಲಿ ಒಳಗೆ ಹೊರಗೆ ಓಡಾಡುತ್ತಿದ್ದರು. ಹೊಸಬರು ಬ್ರೆಡ್ಡಿಗೆ, ಅಂಚೆಗೆ, ಮಕ್ಕಳನ್ನು ಶಾಲೆಗೆ ಬಿಡಲಿಕ್ಕೆ ಬೀದಿಗೆ ಬರಲೇಬೇಕು. ಬೀದಿಯ ಅಂಗಡಿ ಬದುಕುವುದು ಹೀಗೆ ಅಲ್ವಾ?

ಜಾಗ ಒಟ್ಟು 67 ಎಕರೆ. ಅದರಲ್ಲಿ 50 ಎಕರೆ ತೋಟಕ್ಕೆ, ಕಾಡಿಗೆ, ತರಕಾರಿ ಮಡಿಗಳಿಗೆ ಮೀಸಲು. ಉಳಿದದ್ದರಲ್ಲಿ ಸುಮಾರು 130 ಮನೆಗಳಿಗೆ ಯೋಜನೆ ಹಾಕಿದ್ದರು. ಮೊದಲ ಕುಟುಂಬಗಳು ಬಂದದ್ದು 2009ರ ಕೊನೆಗೆ. ಅಷ್ಟರಲ್ಲಿ ಐರ್ಲೆಂಡಿನ ಬ್ಯಾಂಕುಗಳು ಮುಳುಗಿ, ಮನೆ ಸಾಲ ಹುಟ್ಟದ ಕಾಲ ಬಂದಿತ್ತು. ಹಾಗಿದ್ದೂ ಐವತ್ತಕ್ಕೂ ಹೆಚ್ಚು ಮನೆ ಎದ್ದು ನಿಂತಿವೆ. ಮರದ ಚೌಕಟ್ಟಿನ ಮನೆಗಳೇ ಜಾಸ್ತಿ. ಸುಣ್ಣಕ್ಕೆ ಹೆಂಪ್ ಎಂಬ ನಾರಿನ ಗಿಡದ ಕಡ್ಡಿ ಚೂರು ಬೆರೆಸಿ ಕಟ್ಟಿದ ಗೋಡೆಗಳೂ ಇವೆ. ಅಂಥ ಒಂದು ಗೋಡೆಯ ಮೇಲೆ ಕೈ ಇಟ್ಟು ನೋಡಿದೆ. ಹೊರಗೆ ಚಳಿ ಗಾಳಿ ಬೀಸುತ್ತಿತ್ತು, ಒಳಗಿನ ಗೋಡೆ ತಣ್ಣಗಿರಲಿಲ್ಲ, ತೇವವೂ ಇರಲಿಲ್ಲ. ಐರ್ಲೆಂಡಿನಲ್ಲಿ ಬಾಡಿಗೆ ಮನೆಯ ಮೂಲೆಯ ಬೂಷ್ಟು ಒರೆಸಿದವರಿಗೆ ಇದರ ಬೆಲೆ ಗೊತ್ತು.

ಮನೆ ಮನೆಗೆ ಬೇರೆ ಬಾಯ್ಲರ್ ಇಲ್ಲ. ಒಂದು ಕಡೆ ಮರದ ಚಿಪ್ಸ್ ಉರಿಸಿ ನೀರು ಕಾಯಿಸಿ, ನೆಲದಡಿಯ ಪೈಪಿನಲ್ಲಿ ಎಲ್ಲ ಮನೆಗೂ ಕಳಿಸುತ್ತಾರೆ. ಪ್ರತಿ ಮನೆಯಲ್ಲೂ ಶಾಖ ಹಿಡಿದಿಡುವ ದೊಡ್ಡ ಟ್ಯಾಂಕ್ ಇದೆ, ಹಾಗಾಗಿ ಬಾಯ್ಲರ್ ದಿನವಿಡೀ ಉರಿಯಬೇಕಿಲ್ಲ. ಇದನ್ನು ವಿವರಿಸುವಾಗ ಸುತ್ತಾಡಿಸಿದವರು ಆತುರ ಪಡಲಿಲ್ಲ. ನಾನು ಪೈಪಿನ ಅಳತೆ ಕೇಳಿದೆ, ಶಾಖ ಎಲ್ಲಿ ಸೋರುತ್ತದೆ ಎಂದು ಕೇಳಿದೆ, ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ಉಳಿದವರಿಗೆ ಸ್ವಲ್ಪ ಬೇಜಾರಾಗಿರಬಹುದು.

ಇನ್ನು ನೀರು. ರಸ್ತೆಯ ಪಕ್ಕದಲ್ಲಿ ಆಳವಿಲ್ಲದ ಹುಲ್ಲಿನ ಕಾಲುವೆಗಳಿವೆ. ಮಳೆನೀರು ಪೈಪು ಸೇರಿ ಒಂದೇ ಸಲ ಹೊಳೆಗೆ ನುಗ್ಗುವ ಬದಲು ಇಲ್ಲಿ ನಿಧಾನವಾಗಿ ಹರಿದು ಇಂಗುತ್ತದೆ. ನಾವು ಹೋದ ದಿನ ಬೆಳಗ್ಗೆ ಜೋರು ಮಳೆ ಬಂದಿತ್ತು. ಒಂದು ಕಾಲುವೆಯ ಹತ್ತಿರ ಬಗ್ಗಿ ನೋಡಿದೆ. ಹುಲ್ಲಿನ ಬುಡದಲ್ಲಿ ಒಂದು ಬೆರಳಷ್ಟು ನೀರು, ತಿಳಿಯಾಗಿತ್ತು, ಕೆಸರಿರಲಿಲ್ಲ. ನಾವು ವಾಪಸ್ ಅದೇ ದಾರಿಯಲ್ಲಿ ಬರುವಾಗ ಅಲ್ಲಿ ಒದ್ದೆ ಹುಲ್ಲು ಮಾತ್ರ ಇತ್ತು. ಕಾಗದದ ಮೇಲೆ ಇಂಥ ನಕ್ಷೆ ಬೇಕಾದಷ್ಟು ಬರೆದಿದ್ದೇನೆ. ಹತ್ತಾರು ವರ್ಷ ಮಳೆ ಕಂಡು, ಹುಲ್ಲು ಕತ್ತರಿಸಿಕೊಂಡು, ಇನ್ನೂ ಸರಿಯಾಗಿ ಕೆಲಸ ಮಾಡುವುದನ್ನು ನೋಡಿ ನಿಜವಾಗಲೂ ಖುಷಿಯಾಯಿತು.

ಆದರೆ ಕೊಳಚೆ ನೀರಿನ ಕಥೆಯೇ ಬೇರೆ. ಖಾಲಿ ಸೈಟುಗಳು ಅಲ್ಲಲ್ಲಿ ಕಾಣುತ್ತವೆ, ಹುಲ್ಲು ಬೆಳೆದು ನಿಂತಿದೆ. ಹಣದ ಮುಗ್ಗಟ್ಟು ಒಂದು ಕಾರಣ. ಇನ್ನೊಂದು, ಹಳ್ಳಿಯ ಶುದ್ಧೀಕರಣ ಘಟಕಕ್ಕೆ ಹೆಚ್ಚಿನ ಮನೆಗಳನ್ನು ತಾಳುವ ಶಕ್ತಿ ಇರಲಿಲ್ಲ, ಹಾಗಾಗಿ ವರ್ಷಗಟ್ಟಲೆ ಹೊಸ ಮನೆ ಕಟ್ಟುವುದು ನಿಂತೇಹೋಯಿತು. ಸಣ್ಣ ಊರುಗಳ ಬೆಳವಣಿಗೆ ಬಗ್ಗೆ ಮಾತಾಡುವವರೆಲ್ಲ ಈ ಖಾಲಿ ಸೈಟುಗಳ ಮುಂದೆ ಐದು ನಿಮಿಷ ನಿಲ್ಲಬೇಕು. ಮನೆಯ ಗೋಡೆ ಯಾವುದರದ್ದು ಎನ್ನುವುದು ಆಮೇಲಿನ ಮಾತು. ಊರಿನ ಚರಂಡಿ ಎಷ್ಟು ಮನೆಗೆ ಸಾಕು ಎನ್ನುವುದು ಮೊದಲ ಮಾತು. ಸುತ್ತಾಟದಲ್ಲಿ ಈ ಭಾಗ ಬೇಗ ಮುಗಿಯಿತು, ನನ್ನ ಮಟ್ಟಿಗೆ ಇದೇ ಕೊರತೆ. ಸಾಧಿಸಿದ್ದನ್ನು ಹೇಳಿದಷ್ಟೇ ವಿವರವಾಗಿ ಸಿಕ್ಕಿಕೊಂಡದ್ದನ್ನೂ ಹೇಳಿದ್ದರೆ, ಬೇರೆ ಹಳ್ಳಿಯವರಿಗೆ ಇನ್ನೂ ಉಪಯೋಗವಾಗುತ್ತಿತ್ತು.

ತೋಟಕ್ಕೆ ಬರೋಣ. 2008ರಲ್ಲಿ ಶುರುವಾದ ಸಮುದಾಯ ತೋಟ ಇದು, ಸದಸ್ಯರದ್ದೇ. ತಿಂಗಳಿಗೆ ಇಷ್ಟು ಎಂದು ದುಡ್ಡು ಕಟ್ಟುತ್ತಾರೆ. ಬೆಳೆದ ತರಕಾರಿಯನ್ನು ತಂದು ಒಂದು ಕಡೆ ಕ್ರೇಟುಗಳಲ್ಲಿ ಇಡುತ್ತಾರೆ, ಸದಸ್ಯರು ಬಂದು ಬೇಕಾದಷ್ಟು ತೆಗೆದುಕೊಳ್ಳುತ್ತಾರೆ. ತಕ್ಕಡಿ ಇಲ್ಲ, ಕ್ಯಾಷಿಯರ್ ಇಲ್ಲ. ಮಣ್ಣು ಮೆತ್ತಿದ ಕ್ಯಾರೆಟ್, ಈರುಳ್ಳಿ ಜಾತಿಯ ಲೀಕ್, ಕೇಲ್ ಸೊಪ್ಪು ಇತ್ತು. ಒಬ್ಬ ಅಜ್ಜಿ ಬಂದು ಎರಡು ಲೀಕ್ ತೆಗೆದು, ಒಂದನ್ನು ವಾಪಸ್ ಇಟ್ಟು ಹೋದರು. ದುಡ್ಡು ಮೊದಲೇ ಬರುವುದರಿಂದ ಬೆಳೆ ಕೆಟ್ಟ ವರ್ಷದ ನಷ್ಟ ಬೆಳೆಗಾರನೊಬ್ಬನ ತಲೆ ಮೇಲೆ ಬೀಳುವುದಿಲ್ಲ. ಅಡಿಕೆ, ಶುಂಠಿ ರೇಟು ಬಿದ್ದಾಗ ತೀರ್ಥಹಳ್ಳಿ ಕಡೆಯ ನಮ್ಮ ಮನೆಗಳಲ್ಲಿ ಏನಾಗುತ್ತದೆ ಎಂದು ನೋಡಿ ಬೆಳೆದವನು ನಾನು. ಈ ಏರ್ಪಾಡಿನ ಮುಂದೆ ಬಹಳ ಹೊತ್ತು ನಿಂತೆ.

ಪಕ್ಕದಲ್ಲೇ ರೆಡ್ ಗಾರ್ಡನ್ಸ್ ಇದೆ. ಒಂದು ಕುಟುಂಬಕ್ಕೆ ಸಾಕಾಗುವ, ಸುಮಾರು 100 ಚದರ ಮೀಟರ್‌ನ ತರಕಾರಿ ಮಡಿಗಳು. ಒಂದರಲ್ಲಿ ನೆಲ ಅಗೆಯುವುದೇ ಇಲ್ಲ, ಇನ್ನೊಂದರಲ್ಲಿ ಎಲ್ಲ ಗಿಡ ಒಟ್ಟಿಗೆ, ಮತ್ತೊಂದರಲ್ಲಿ ಒತ್ತೊತ್ತಾಗಿ ಸಾಲು. ಯಾವುದರಲ್ಲಿ ಎಷ್ಟು ಬೆಳೆ, ಎಷ್ಟು ಶ್ರಮ ಎಂದು ಹೋಲಿಸಿ ನೋಡುತ್ತಾರೆ. ಹಿತ್ತಲಲ್ಲಿ ಮೆಂತ್ಯ, ಕೊತ್ತಂಬರಿ ಬೆಳೆಯಲು ಒದ್ದಾಡುವ ನಮ್ಮವರು ಇಲ್ಲಿ ಸಮಯ ಇಟ್ಟುಕೊಳ್ಳಿ. ಹಿಂದಿನ ಕಾಡನ್ನು ನಾನು ಸುಮ್ನೆ ಒಂದು ಸುತ್ತು ಹಾಕಿ ಬಂದೆ. 2011ರಲ್ಲಿ ನೆಟ್ಟ 17 ಸಾವಿರ ಗಿಡಗಳು ಈಗ ತಲೆಗಿಂತ ಎಷ್ಟೋ ಎತ್ತರ.

ಹೋಗುವವರಿಗೆ ಒಂದೆರಡು ಮಾತು. ಸುತ್ತಾಟಕ್ಕೆ ಮೊದಲೇ ಹೇಳಿಟ್ಟು ಹೋಗಿ. ನೀವೇ ನಡೆದು ನೋಡಬಹುದು, ಆದರೆ ಬಾಯ್ಲರ್ ಮನೆಯ ಒಳಗಾಗಲಿ ಕಾಲುವೆಯ ಲೆಕ್ಕವಾಗಲಿ ಸಿಗುವುದಿಲ್ಲ. ಲಿಮರಿಕ್‌ನಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದು. ಲಿಮರಿಕ್‌ನಿಂದ ನೀನಾ ಎಂಬ ಊರಿನ ಮೇಲೆ ಬ್ಯಾಲಿಬ್ರೋಫಿಗೆ ಹೋಗುವ ರೈಲು ಇಲ್ಲೇ ನಿಲ್ಲುತ್ತದೆ, ಆದರೆ ಬೆರಳೆಣಿಕೆಯಷ್ಟೇ ರೈಲು, ಅದೂ ನಿಧಾನ. ವೇಳಾಪಟ್ಟಿ ನೋಡಿಕೊಂಡೇ ಹೊರಡಿ. ಐರ್ಲೆಂಡ್ ಸ್ವತಂತ್ರ ಗಣರಾಜ್ಯ ಎಂದು ಸಾರಿದ 1916ರ ಘೋಷಣೆಗೆ ಸಹಿ ಹಾಕಿದ ತಾಮಸ್ ಮ್ಯಾಕ್‌ಡೋನ ಹುಟ್ಟಿದ್ದು ಇದೇ ಊರಲ್ಲಿ, ಬೀದಿಯಲ್ಲಿ ಅವರ ನೆನಪಿನ ಕೇಂದ್ರವಿದೆ. ಊಟವನ್ನು ಬೀದಿಯಲ್ಲೇ ಮಾಡಿ, ಬುತ್ತಿ ಕಟ್ಟಿಕೊಂಡು ಹೋಗಬೇಡಿ. ಕಾಲಿಗೆ ಬೂಟು ಇರಲಿ, ತೋಟದ ದಾರಿ ಮಳೆಗಾಲ ಬೇಸಿಗೆ ಎನ್ನದೆ ಕೆಸರು.