ಖಾಲಿ ಸಮ್ಮತಿ ಪತ್ರಕ್ಕೆ ನಾನು ಹಾಕಿದ ಏಳು ಸಹಿಗಳು

ಕಳೆದ ವರ್ಷ ನನ್ನ ತಾಯಿಯವರನ್ನು ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಗಾಗಿ ನಮ್ಮ ಊರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಹಿಂದಿನ ರಾತ್ರಿ ಹತ್ತರ ಹೊತ್ತಿಗೆ ಸಿಸ್ಟರ್ ಒಬ್ಬರು ಕಾಗದಗಳ ಕಟ್ಟನ್ನು ತಂದು, ಪೆನ್ಸಿಲಿನಿಂದ ಗುರುತು ಹಾಕಿದ್ದ ಏಳು ಜಾಗಗಳನ್ನು ತೋರಿಸಿ, "ಇಲ್ಲೆಲ್ಲ ಸೈನ್ ಮಾಡಿಬಿಡಿ ಸರ್, ಬೆಳಿಗ್ಗೆ ಮೊದಲ ಕೇಸೇ ನಿಮ್ಮದು" ಎಂದರು. ಶಸ್ತ್ರಚಿಕಿತ್ಸೆಯ ಹೆಸರು ಬರೆಯಬೇಕಾದ ಗೆರೆ ಖಾಲಿಯಿತ್ತು. ಅಮ್ಮ ಪಕ್ಕದ ಮಂಚದ ಮೇಲೆ ಕನ್ನಡಕ ಹಾಕಿಕೊಂಡು ಪತ್ರಿಕೆ ಓದುತ್ತಿದ್ದರು. ಅವರನ್ನು ಸಿಸ್ಟರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಏಳೂ ಕಡೆ ಸಹಿ ಹಾಕಿದೆ.

ಡಿಸ್ಚಾರ್ಜ್ ದಿನದ ಬಿಲ್ಲಿನಲ್ಲಿ ಅಪೆಂಡಿಕ್ಸ್ ತೆಗೆದದ್ದಕ್ಕೆ ಬೇರೆಯೇ ಮೊತ್ತ ಹಾಕಿದ್ದರು. ವಿಚಾರಿಸಿದಾಗ ವೈದ್ಯರು, ಅದರಲ್ಲಿ ಸೋಂಕೇನೂ ಇರಲಿಲ್ಲವಾದರೂ ಮುಂದೆ ಇನ್ನೊಂದು ಆಪರೇಷನ್ ಆಗುವುದು ಬೇಡವೆಂದು ಒಟ್ಟಿಗೇ ತೆಗೆದೆವು, ನೀವು ಒಪ್ಪಿಗೆ ಕೊಟ್ಟಿದ್ದೀರಲ್ಲ ಎಂದರು. ಅಮ್ಮ ಚೇತರಿಸಿಕೊಂಡಿದ್ದಾರೆ, ವೈದ್ಯರ ಕೈಚಳಕದ ಬಗ್ಗೆ ನನಗೆ ದೂರಿಲ್ಲ. ನನ್ನ ತಕರಾರು ಒಪ್ಪಿಗೆಯ ಬಗ್ಗೆ ಮಾತ್ರ.

ಇದೇ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ತೀರ್ಮಾನಿಸಿದೆ. ಪರೀಕ್ಷೆಗೆಂದು ಅರಿವಳಿಕೆ ಪಡೆದಿದ್ದ ಮಹಿಳೆಯ ಗರ್ಭಕೋಶವನ್ನು, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ವೈದ್ಯರು ತೆಗೆದಿದ್ದರು. ರೋಗಿ ಪ್ರಾಪ್ತ ವಯಸ್ಸಿನವರೂ ಸ್ವಂತ ನಿರ್ಧಾರ ಮಾಡಬಲ್ಲವರೂ ಆಗಿರುವಾಗ ತಾಯಿಯ ಒಪ್ಪಿಗೆ ಸಲ್ಲದು. ಪ್ರಾಣ ಅಥವಾ ಆರೋಗ್ಯ ಉಳಿಸಲು ಅಗತ್ಯವಿದ್ದು ತಡಮಾಡುವುದು ಸರಿಯಲ್ಲ ಎಂಬ ಸಂದರ್ಭದ ಹೊರತು, ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ಹಿಗ್ಗಿಸುವಂತಿಲ್ಲ. ರೋಗಿಗೆ ಮುಂದಿನ ಖರ್ಚು, ನೋವು ತಪ್ಪಿತೆಂಬುದೂ ಸಮರ್ಥನೆಯಾಗದು ಎಂದು ನ್ಯಾಯಾಲಯ ಹೇಳಿತು. ಆಕೆಗೆ ಸಿಕ್ಕ ಪರಿಹಾರ 25,000 ರೂಪಾಯಿ ಮಾತ್ರ. ಮೊತ್ತ ಸಣ್ಣದಾದರೂ ತತ್ತ್ವ ದೊಡ್ಡದು. ಮನೆಯ ಹೆಂಗಸರ, ಹಿರಿಯರ ದೇಹದ ವಿಚಾರಕ್ಕೆ ಗಂಡುಮಕ್ಕಳು ಸಹಿ ಹಾಕುವುದು ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಅದು ತಪ್ಪೆಂದು ಆ ರಾತ್ರಿ ನನಗೆ ಹೊಳೆಯಲೇ ಇಲ್ಲ.

ಮುಂದಿನ ಕಷ್ಟ ದಾಖಲೆಗಳದ್ದು. ಕೇಸ್ ಶೀಟಿನ ಪ್ರತಿಗಾಗಿ ನಾಲ್ಕು ಬಾರಿ ಕೌಂಟರಿಗೆ ಅಲೆದೆ. ಪ್ರತಿ ಬಾರಿಯೂ "ಮುಂದಿನ ವಾರ ಬನ್ನಿ" ಎಂಬ ಉತ್ತರ. ಬಾಯಿಮಾತಿನ ಕೋರಿಕೆಗೆ ತಾರೀಕು ಇರುವುದಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ ಅಥವಾ ಅವರಿಂದ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಈ ನಿಯಮವನ್ನು ಉಲ್ಲೇಖಿಸಿ ಅಮ್ಮನ ಸಹಿಯಲ್ಲೇ ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಆಸ್ಪತ್ರೆಯ ಸೀಲು ಹಾಕಿಸಿಕೊಂಡ ಮೇಲೆ ಎರಡನೆಯ ದಿನವೇ ದಾಖಲೆ ಕೈಸೇರಿತು.

ಸಮ್ಮತಿ ಪತ್ರದ ಖಾಲಿ ಗೆರೆ ಈಗ ತುಂಬಿತ್ತು. ಪಿತ್ತಕೋಶದ ಶಸ್ತ್ರಚಿಕಿತ್ಸೆಯ ಹೆಸರು ನೀಲಿ ಶಾಯಿಯಲ್ಲಿ, "ಹಾಗೂ ಅಪೆಂಡಿಕ್ಸ್" ಎಂಬುದು ಕಪ್ಪು ಶಾಯಿಯಲ್ಲಿ, ಗೆರೆಯ ತುದಿಯಲ್ಲಿ ಒತ್ತಿ ಬರೆದಂತಿತ್ತು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ ಎಂಬ ವಾಕ್ಯದ ಮುಂದೆ ಟಿಕ್ ಗುರುತು. ಸಾಕ್ಷಿಯಾಗಿ ನಾವು ಕಂಡೇ ಇರದ ಒಬ್ಬರ ಸಹಿ. ಕೆಳಗಿನದು ಮಾತ್ರ ನಿಸ್ಸಂಶಯವಾಗಿ ನನ್ನದೇ ಸಹಿ.

ಆದ್ದರಿಂದ ಖಾಲಿ ಗೆರೆಯಿರುವ ಕಾಗದಕ್ಕೆ ಸಹಿ ಹಾಕಬೇಡಿ. ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದು, ಸಹಿಯ ಪಕ್ಕದಲ್ಲಿ ತಾರೀಕು ಮತ್ತು ವೇಳೆ ಬರೆದು, ಅಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ರೋಗಿಗೆ ಪ್ರಜ್ಞೆ, ತಿಳಿವಳಿಕೆ ಇದ್ದರೆ ಕಾಗದ ಅವರ ಕೈಗೇ ಹೋಗಲಿ. ಹಣ ಪಡೆದು ನೀಡುವ ಚಿಕಿತ್ಸೆ 1995ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಸಾಮಾನ್ಯವಾಗಿ 2 ವರ್ಷಗಳ ಕಾಲಮಿತಿಯಿದೆ. ನಮ್ಮ ದೂರು ಸಿದ್ಧವಾಗಿದೆ. ಕರಡನ್ನು ಅಮ್ಮ ಎರಡು ದಿನ ಇಟ್ಟುಕೊಂಡು ಓದಿ, ಮೂರು ಕಡೆ ತಿದ್ದಿ, ಬಳಿಕ ಸಹಿ ಹಾಕಿದ್ದಾರೆ.