ಸಣ್ಣ ಟ್ರೇಲರ್‌ಗೆ ಕರೆಂಟ್ ಹೀಟರ್ರಾ, ಗ್ಯಾಸಾ, ಡೀಸೆಲ್ಲಾ, ಇಲ್ಲಾ ಬರೀ ಬಿಸಿನೀರ ಚೀಲಾನಾ?

ನಮ್ದು ಗಾಡಿ ಹಿಂದೆ ಎಳ್ಕೊಂಡು ಹೋಗಿ ಒಳಗೇ ಮಲಗೋ ತೀರಾ ಸಣ್ಣ ಟ್ರೇಲರ್, ಇಬ್ರು ಮಲಗಿದ್ರೆ ಮೂರನೆಯವ್ರಿಗೆ ಕಾಲಿಡೋಕೂ ಜಾಗ ಇಲ್ಲ, ಗೋಡೆ ಅಂದ್ರೆ ಹೊರಗೆ ತೆಳು ಅಲ್ಯೂಮಿನಿಯಂ ತಗಡು, ಒಳಗೆ ಪ್ಲೈವುಡ್ಡು, ಮಧ್ಯ ಒಂದಿಂಚು ಥರ್ಮಾಕೋಲ್. ಹೊರಗೆ ಸೊನ್ನೆ ಡಿಗ್ರಿ ಮುಟ್ಟಿದ್ರೆ ಸ್ವಲ್ಪ ಹೊತ್ತಲ್ಲೇ ಒಳಗೂ ಹೆಚ್ಚುಕಮ್ಮಿ ಅದೇ ಗತಿ. ಎರಡು ಚಳಿಗಾಲ ಕೈಗೆಟುಕಿದ ಅಗ್ಗದ ದಾರಿ ಎಲ್ಲಾ ಮಾಡಿ ನೋಡಿದ್ದೀನಿ. ಶುರುನಲ್ಲಿ ಯಾವುದು ಬೇಗ ಬಿಸಿ ಮಾಡತ್ತೆ ಅಂತಷ್ಟೇ ನೋಡ್ತಿದ್ದೆ, ಆಮೇಲೆ ಬೆಳಿಗ್ಗೆ ಎದ್ದಾಗ ಹಾಸಿಗೆ ಒಣಗಿದ್ಯಾ ಒದ್ದೆಯಾಗಿದ್ಯಾ ಅಂತ ನೋಡೋಕೆ ಶುರು ಮಾಡ್ದೆ, ಅಲ್ಲಿಂದ ಲೆಕ್ಕಾಚಾರನೇ ಬದಲಾಯ್ತು.

ನಿಲ್ಲಿಸೋ ಜಾಗದಲ್ಲಿ ಪ್ಲಗ್ ಇದ್ರೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಕರೆಂಟ್ ಹೀಟರ್ರೇ ಸೈ. 1500 ವ್ಯಾಟಿನ ಫ್ಯಾನ್ ಹೀಟರ್ ಹತ್ತು ನಿಮಿಷದಲ್ಲಿ ಸ್ವೆಟರ್ ಬಿಚ್ಚಿಸತ್ತೆ, ಆದ್ರೆ ಸದ್ದು ಜಾಸ್ತಿ, ಆಫ್ ಆದ ಕೂಡ್ಲೇ ಮತ್ತೆ ಚಳಿ. ಎಣ್ಣೆ ತುಂಬಿದ ರೇಡಿಯೇಟರ್ ಬಿಸಿಯಾಗೋಕೇ ಅರ್ಧ ಗಂಟೆ ತಗೊಳತ್ತೆ, ಆದ್ರೆ ಉಸಿರೆತ್ತಲ್ಲ, ಆಫ್ ಮಾಡಿದ ಮೇಲೂ ಸುಮಾರು ಹೊತ್ತು ಬೆಚ್ಚಗಿರತ್ತೆ, ರಾತ್ರಿಗೆ ನನ್ನ ವೋಟು ಇದಕ್ಕೇ. ಎಣ್ಣೆದ್ರಲ್ಲಿ ಕರೆಂಟ್ ಉಳಿಯತ್ತೆ ಅಂತ ಹೇಳ್ತಾರಲ್ಲ ಅದು ಸುಳ್ಳು, ಒಂದು ಯೂನಿಟ್ಟಿಗೆ ಎರಡೂ ಕೊಡೋದು ಅಷ್ಟೇ ಶಾಖ. ಒಂದೇ ಒಂದು ಎಚ್ಚರ, ವೈರು. ನಾನು ತೆಳ್ಳನೆ ಎಕ್ಸ್‌ಟೆನ್ಷನ್ ವೈರನ್ನ ಸುರುಳಿ ಬಿಚ್ಚದೇ ಹಂಗೇ ಹಾಕಿದ್ದೆ, ಮಲಗೋ ಮುಂಚೆ ಮುಟ್ಟಿ ನೋಡಿದ್ರೆ ಸುರುಳಿ ಒಳಗೆ ಕೈ ಇಡೋಕಾಗ್ದಷ್ಟು ಬಿಸಿ, ಪ್ಲಾಸ್ಟಿಕ್ ಮೆತ್ತಗಾಗಿತ್ತು. ದಪ್ಪ ವೈರ್ ತಗೊಳ್ಳಿ, ಪೂರ್ತಿ ಬಿಚ್ಚಿ ಹಾಸಿ.

ಬ್ಯಾಟರಿ ಇಟ್ಕೊಂಡು ಇನ್ವರ್ಟರ್ ಮೇಲೆ ಇದೇ ಹೀಟರ್ ಓಡಿಸ್ಬೋದಲ್ವಾ ಅಂತ ಎಲ್ರಿಗೂ ಒಂದ್ಸಲ ಅನ್ಸತ್ತೆ, ನಂಗೂ ಅನ್ಸಿತ್ತು. 12 ವೋಲ್ಟ್ 100 ಆಂಪ್ ಅವರ್ ಬ್ಯಾಟರಿ ಅಂದ್ರೆ 1200 ವ್ಯಾಟ್ ಅವರ್, ಲೆಡ್ ಆಸಿಡ್ ಆದ್ರೆ ಅರ್ಧಕ್ಕಿಂತ ಕೆಳಗಿಳಿಸಬಾರ್ದು, ಉಳಿಯೋದು 600, ಅಲ್ಲಿಗೆ ಅರ್ಧ ಗಂಟೆನೂ ಬರಲ್ಲ.

ಆಮೇಲೆ ಗ್ಯಾಸ್. ಸಣ್ಣ ಸಿಲಿಂಡರಿಗೆ ಸಿಕ್ಕಿಸೋ ರೇಡಿಯಂಟ್ ಹೀಟರ್, ಇದ್ದಿದ್ರಲ್ಲಿ ಅಗ್ಗ, ಫಿಟ್ಟಿಂಗ್ ರಗಳೆ ಇಲ್ಲ, ಕೆಂಪಗೆ ಉರೀತಾ ಮುಂದೆ ಕೂತ್ರೆ ಸ್ವರ್ಗ. ಮೊದಲ್ನೇ ರಾತ್ರಿ ಹೀಟರ್ ಆರಿಸಿ ಬೆಚ್ಚಗೆ ಮಲಗಿದ್ವಿ, ಮೂರು ಗಂಟೆಗೆ ಹಣೆ ಮೇಲೆ ಟಪ್ ಅಂತ ಒಂದು ತಣ್ಣನೆ ಹನಿ. ಮಳೆ ಸೋರ್ತಿದ್ಯಾ ಅಂತ ಟಾರ್ಚ್ ಹಾಕಿದ್ರೆ ಸೀಲಿಂಗ್ ತುಂಬಾ ಹನಿ, ಸ್ಕ್ರೂ ಇರೋ ಜಾಗದಲ್ಲೆಲ್ಲಾ ಒಂದೊಂದು ನೇತಾಡ್ತಿದೆ. ಸಿಲಿಂಡರಲ್ಲಿರೋ ಪ್ರೊಪೇನ್ ಗ್ಯಾಸ್ ಒಂದು ಕೆಜಿ ಉರಿದ್ರೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರಾವಿ ಹುಟ್ಟತ್ತೆ, ಹೊಗೆ ಕೊಳವೆ ಇಲ್ಲದ ಹೀಟರ್ ಅಂದ್ರೆ ಅದೆಲ್ಲಾ ಒಳಗೇ, ಅದ್ರ ಮೇಲೆ ನಮ್ಮಿಬ್ಬರ ಉಸಿರು ಬೇರೆ. ಮೂರ್ನೇ ದಿನ ಹಾಸಿಗೆ ಎತ್ತಿ ನೋಡಿದ್ರೆ ಅಡಿಭಾಗ ಒದ್ದೆ ಮುದ್ದೆ, ತಿಂಗಳಲ್ಲಿ ಕಪ್ಪು ಬೂಷ್ಟು.

ಒದ್ದೆ ಆದ್ರೂ ಸಹಿಸ್ಕೋಬೋದು, ಕಾರ್ಬನ್ ಮೊನಾಕ್ಸೈಡ್ ಹಂಗಲ್ಲ, ಗಾಳಿ ಸಾಲದೆ ಉರಿದಾಗ ಹುಟ್ಟೋ ವಿಷಗಾಳಿ ಅದು, ಬಣ್ಣನೂ ಇಲ್ಲ ವಾಸನೆನೂ ಇಲ್ಲ. ಆಮ್ಲಜನಕ ಕಮ್ಮಿ ಆದ್ರೆ ತಾನೇ ಆರಿಹೋಗೋ ಸೆನ್ಸರ್ ನನ್ನ ಹೀಟರಲ್ಲಿ ಇತ್ತು, ಅದನ್ನ ನಂಬ್ಕೊಂಡು ಒಂದಿನ ಮೇಲಿನ ಕಿಂಡಿ ತೆಗೆಯೋದು ಮರೆತೆ. ಸ್ವಲ್ಪ ತಲೆನೋವು ಬಂತು, ಡ್ರೈವ್ ಮಾಡಿದ ಸುಸ್ತು ಅಂದ್ಕೊಂಡೆ, ಅಷ್ಟರಲ್ಲಿ ಈ ವಿಷಗಾಳಿ ಕಂಡುಹಿಡಿಯೋ ಅಲಾರಂ ಕಿರುಚ್ತು. ಬಾಗಿಲು ತೆಗೆದು ಸಾಕ್ಸಲ್ಲೇ ಹೊರಗೆ ನಿಂತಿದ್ವಿ. ಆಮೇಲೆ ಗ್ಯಾಸ್ ಏನಿದ್ರೂ ಎಚ್ಚರ ಇದ್ದಾಗ ಅರ್ಧ ಗಂಟೆ, ಕಿಂಡಿ ತೆಗೆದಿಟ್ಟು ಮಾತ್ರ. ಇನ್ನೊಂದು ವಿಷ್ಯ, ಬ್ಯುಟೇನ್ ಡಬ್ಬಿ ಚಳಿಗಾಲಕ್ಕೆ ದಂಡ, ಸೊನ್ನೆ ಡಿಗ್ರಿ ಹತ್ರ ಬಂದ್ರೆ ಅದು ಆವಿನೇ ಆಗಲ್ಲ, ಡಬ್ಬಿ ತುಂಬಾ ಗ್ಯಾಸ್ ಇದ್ರೂ ಉರಿ ಇಲ್ಲ, ನಾನು ಅದನ್ನ ಜಾಕೆಟ್ ಒಳಗೆ ಮಗು ಥರ ಇಟ್ಕೊಂಡು ಬಿಸಿ ಮಾಡಿದ್ದೂ ಇದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿ ಆಗತ್ತೆ.

ಹೂಕುಂಡ ಬೋರಲು ಹಾಕಿ ಕೆಳಗೆ ಮೇಣದ ದೀಪ ಇಡೋ ವಿಡಿಯೋ ಎಲ್ರೂ ನೋಡಿರ್ತೀರ. ಒಂದು ಪುಟ್ಟ ದೀಪ ಕೊಡೋದು ಮೂವತ್ತು ನಲವತ್ತು ವ್ಯಾಟು, ಕುಂಡ ಇಟ್ಟ ಮಾತ್ರಕ್ಕೆ ಅದು ಜಾಸ್ತಿ ಆಗಲ್ಲ. ಸುಮ್ನೆ ಕೂತ ಮನುಷ್ಯನೇ ಸುಮಾರು ನೂರು ವ್ಯಾಟ್ ಕೊಡ್ತಾನೆ, ಮೂರು ದೀಪದ ಬದಲು ಒಬ್ಬ ನೆಂಟನ್ನ ಕರ್ಕೊಂಡು ಬನ್ನಿ.

ಡೀಸೆಲ್ ಹೀಟರ್ ಹೆಸರಾಂತ ಕಂಪನಿದು ದುಬಾರಿ, ಅದೇ ನಮೂನೆಯ ಅಗ್ಗದ ಸೆಟ್ ಬರತ್ತೆ, ನಾನು ಹಾಕಿಸಿದ್ದು ಅದೇ, ಹಾಕಿಸಿದ್ದು ಅಂದ್ರೆ ನಾನೇ ಎದೆ ಗಟ್ಟಿ ಮಾಡ್ಕೊಂಡು ನೆಲಕ್ಕೆ ತೂತು ಕೊರೆದಿದ್ದು. ಉರಿಯೋಕೆ ಗಾಳಿ ಹೊರಗಿಂದ, ಹೊಗೆನೂ ಹೊರಗೆ, ಒಳಗೆ ಬರೋದು ಬರೀ ಒಣ ಬಿಸಿ ಗಾಳಿ. ಮೊದಲ್ನೇ ಬೆಳಿಗ್ಗೆ ಎದ್ದು ಸೀಲಿಂಗ್ ಮೇಲೆ ಕೈ ಸವರಿದೆ, ಒಣ! ಸಣ್ಣ ಉರೀಲಿ ಇಟ್ರೆ ಗಂಟೆಗೆ 100ರಿಂದ 200 ಎಂಎಲ್ ಡೀಸೆಲ್ ಕುಡಿಯತ್ತೆ. ಹತ್ತಿಸುವಾಗ ಗ್ಲೋ ಪ್ಲಗ್ (ಕೆಂಪಗೆ ಕಾದು ಡೀಸೆಲ್ ಹೊತ್ತಿಸೋ ಕಡ್ಡಿ) ಎಂಟು ಹತ್ತು ಆಂಪ್ ಎಳೆಯತ್ತೆ, ಹಳೇ ಬ್ಯಾಟರಿ ಆದ್ರೆ ಅಲ್ಲೇ ಎರರ್ ತೋರ್ಸಿ ನಿಲ್ಲತ್ತೆ, ಹತ್ತಿದ ಮೇಲೆ ಒಂದೆರಡು ಆಂಪು ಅಷ್ಟೇ. ತೊಂದ್ರೆ ಇಲ್ವಾ ಅಂದ್ರೆ ಇದೆ. ಡೀಸೆಲ್ ಕಳಿಸೋ ಪಂಪು ರಾತ್ರಿ ಪೂರ್ತಿ ಟಿಕ್ ಟಿಕ್ ಅಂತಿರತ್ತೆ, ರಬ್ಬರಲ್ಲಿ ನೇತುಹಾಕಿದ ಮೇಲೆ ಕಮ್ಮಿ ಆಯ್ತು. ಯಾವಾಗ್ಲೂ ಸಣ್ಣ ಉರೀಲೇ ಇಟ್ರೆ ಒಳಗೆ ಮಸಿ ಕಟ್ಟತ್ತೆ, ಆಗಾಗ ಫುಲ್ ಸ್ಪೀಡಲ್ಲಿ ಇಪ್ಪತ್ತು ನಿಮಿಷ ಓಡಿಸ್ಬೇಕು. ಆಫ್ ಒತ್ತಿದ ಮೇಲೂ ಫ್ಯಾನ್ ತಾನಾಗೇ ನಿಲ್ಲೋವರೆಗೆ ವೈರ್ ಕೀಳಬೇಡಿ, ಒಳಗಿನ ಬಿಸಿ ಹೊರಗೆ ಹೋಗದೆ ಸುಟ್ಟು ಕೂತ್ಕೊಳತ್ತೆ. ನನ್ನ ಸೆಟ್ಟಲ್ಲಿ ಹೊಗೆ ಪೈಪಿನ ಕ್ಲ್ಯಾಂಪ್ ಲೂಸ್ ಇತ್ತು, ಹಾಕೋವಾಗ್ಲೇ ಕಂಡಿದ್ದು ಪುಣ್ಯ. ಹಂಗಾಗಿ ಅಲಾರಂ ಇದಕ್ಕೂ ಬೇಕು.

ಡೀಸೆಲ್ ಖರ್ಚು ಬೇಡ ಅನ್ನೋರಿಗೆ, ನಿಜ ಹೇಳ್ಬೇಕಂದ್ರೆ ಎಲ್ಲಕ್ಕಿಂತ ಅಗ್ಗಕ್ಕೆ ನಿದ್ದೆ ಕೊಟ್ಟಿದ್ದು ಬಿಸಿನೀರ ಚೀಲ. ಎರಡು ಲೀಟರ್ ನೀರು 80 ಡಿಗ್ರಿಯಿಂದ 35ಕ್ಕೆ ಇಳಿಯೋವಾಗ ಸುಮಾರು 100 ವ್ಯಾಟ್ ಅವರ್ ಶಾಖ ಬಿಡತ್ತೆ, ಅದೂ ಗಾಳಿಗಲ್ಲ, ಸೀದಾ ಪಾದಕ್ಕೆ. ಮಲಗೋಕೆ ಇಪ್ಪತ್ತು ನಿಮಿಷ ಮುಂಚೆ ಬಟ್ಟೆ ಸುತ್ತಿ ಹೊದಿಕೆ ಒಳಗೆ ತಳ್ಳಿ ಬಿಡಿ. 12 ವೋಲ್ಟ್ ಬ್ಯಾಟರಿಲಿ ಬಿಸಿಯಾಗೋ ಕಂಬಳಿನೂ ಇದೆ, 50 ವ್ಯಾಟ್ ಲೆಕ್ಕದಲ್ಲಿ ಎಂಟು ಗಂಟೆ ಅಂದ್ರೆ 400 ವ್ಯಾಟ್ ಅವರ್, ನಾನು ಒಂದು ಗಂಟೆ ಹಾಕಿ ಆರಿಸಿ ಬಿಡ್ತೀನಿ. ಇವೆರಡರಲ್ಲೂ ಮೂಗು ಮಾತ್ರ ತಣ್ಣಗೇ ಇರತ್ತೆ, ಬೆಳಿಗ್ಗೆ ಹೊದಿಕೆ ಬಿಟ್ಟು ಏಳೋದು ಹಿಂಸೆ.

ಈಗ ನಮ್ಮದು ಹೀಗೆ ನಡೀತಿದೆ: ಪ್ಲಗ್ ಇದ್ರೆ ರೇಡಿಯೇಟರ್, ಇಲ್ದಿದ್ರೆ ಸಂಜೆ ಒಂದು ಗಂಟೆ ಡೀಸೆಲ್, ರಾತ್ರಿ ಚೀಲ, ಬೆಳಿಗ್ಗೆ ಮಲಗಿದ್ದ ಕಡೆಯಿಂದ್ಲೇ ಕೈ ಚಾಚಿ ಮತ್ತೆ ಡೀಸೆಲ್ ಬಟನ್. ಕಿಟಕಿಗೆ ಅಳತೆಗೆ ಕತ್ತರಿಸಿದ ಬಬಲ್ ಫಾಯಿಲ್, ಮೇಲಿನ ಕಿಂಡಿ ಎರಡು ಬೆರಳಷ್ಟು ಯಾವಾಗ್ಲೂ ತೆರೆದೇ ಇರತ್ತೆ, ಹೆಂಡತಿ ಚಳಿ ಅಂತ ಎಷ್ಟು ಬೈದ್ರೂ ಅದನ್ನ ಮಾತ್ರ ಮುಚ್ಚಲ್ಲ.