ವಿಲಿಯಮ್ಸ್ ಕಾಲೇಜು: ನಾಲ್ಕು ವರ್ಷದ ಓದಿನ ಒಳಹೊರಗು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಾಯವ್ಯ ಮೂಲೆಯಲ್ಲಿ, ಬರ್ಕ್‌ಶೈರ್ ಗುಡ್ಡಗಳ ನಡುವಿನ ಪುಟ್ಟ ಊರು ವಿಲಿಯಮ್ಸ್‌ಟೌನ್. 1793ರಲ್ಲಿ ಶುರುವಾದ ಇಲ್ಲಿನ ಕಾಲೇಜಿನಲ್ಲಿ ಸುಮಾರು 2,000 ವಿದ್ಯಾರ್ಥಿಗಳಿದ್ದಾರೆ. ಪಾಠ ಮಾಡಲು ಪಿಎಚ್‌ಡಿ ವಿದ್ಯಾರ್ಥಿಗಳಿಲ್ಲದ್ದರಿಂದ ಮೊದಲ ವರ್ಷದ ಪಾಠಕ್ಕೂ ಪ್ರೊಫೆಸರೇ ಬರುತ್ತಾರೆ. ಅವರ ಸಂಶೋಧನೆಗೆ ಕೈಜೋಡಿಸುವವರೂ ಪದವಿ ವಿದ್ಯಾರ್ಥಿಗಳೇ.

ಈ ಕಾಲೇಜನ್ನು ಆರಿಸಲು ನಿಜವಾದ ಕಾರಣ ಟ್ಯುಟೋರಿಯಲ್. ಒಂದು ಕೋರ್ಸಿಗೆ ಸಾಮಾನ್ಯವಾಗಿ ಹತ್ತೇ ಜನ, ಅಂದರೆ ಐದು ಜೋಡಿ. ಪ್ರತಿ ಜೋಡಿಯೂ ವಾರಕ್ಕೊಮ್ಮೆ ಪ್ರೊಫೆಸರ್ ಎದುರು ಗಂಟೆಗೂ ಹೆಚ್ಚು ಕೂರುತ್ತದೆ. ಒಬ್ಬರು ಐದಾರು ಪುಟದ ಪ್ರಬಂಧ ಮಂಡಿಸಿದರೆ, ಇನ್ನೊಬ್ಬರು ಅದನ್ನು ಮೊದಲೇ ಓದಿ ಎರಡು ಪುಟದ ವಿಮರ್ಶೆ ತಂದಿರಬೇಕು. ಮುಂದಿನ ವಾರ ಅದಲುಬದಲು. ಪ್ರೊಫೆಸರ್ ಹೆಚ್ಚು ಮಾತಾಡುವುದಿಲ್ಲ, ವಾದ ಜಾರಿದ ಕಡೆ ಹಿಡಿಯುತ್ತಾರೆ ಅಷ್ಟೆ. ಪ್ರಬಂಧ ತಡವಾದರೆ ಜೊತೆಗಾರರ ಕೆಲಸವೂ ಕೆಡುತ್ತದೆ. ಗೈಡ್ ನೋಡಿ ಪಿಯುಸಿ ದಾಟಿದವರಿಗೆ ಮೊದಲ ಕೆಲವು ವಾರ ಬಹಳ ಕಷ್ಟ. ಆದರೆ ಬರವಣಿಗೆ ಇಷ್ಟು ಗಟ್ಟಿಯಾಗುವ ಇನ್ನೊಂದು ದಾರಿ ನನಗೆ ಗೊತ್ತಿಲ್ಲ.

ತೊಡಕು ಎದುರಾಗುವುದು ಮೂರನೇ ವರ್ಷದಲ್ಲಿ. ವಿಭಾಗಗಳು ಚಿಕ್ಕವು, ಮೇಲಿನ ಹಂತದ ಕೆಲವು ಕೋರ್ಸುಗಳು ವರ್ಷ ಬಿಟ್ಟು ವರ್ಷ ಬರುತ್ತವೆ. ಕಲಿಸುವವರು ಸಬಾಟಿಕಲ್ (ಸಂಶೋಧನೆಗೆಂದು ಪಡೆಯುವ ದೀರ್ಘ ರಜೆ) ಹೋದರೆ ಅದೂ ಇಲ್ಲ. ಸೆಮಿಸ್ಟರಿಗೆ ನಾಲ್ಕು ಕೋರ್ಸು, ಜನವರಿಯಲ್ಲಿ ಒಂದೇ ವಿಷಯದ ವಿಂಟರ್ ಸ್ಟಡಿ. ಎಡವಿದರೆ ಸರಿಪಡಿಸಲು ಜಾಗ ಕಡಿಮೆ. ಅರ್ಜಿ ಹಾಕುವ ಮೊದಲು ಕಳೆದ ಮೂರು ವರ್ಷದ ಕ್ಯಾಟಲಾಗ್ ತೆಗೆದು, ಬೇಕಾದ ಕೋರ್ಸು ನಿಜಕ್ಕೂ ಎಷ್ಟು ಸಲ ನಡೆದಿದೆ ಎಂದು ಎಣಿಸಿ. ರ‍್ಯಾಂಕಿಂಗ್ ನೋಡುವುದಕ್ಕಿಂತ ಇದು ಉಪಯೋಗ.

ಎಂಜಿನಿಯರಿಂಗ್, ಬಿ.ಕಾಂ. ಬೇಕಾದವರು ಬೇರೆ ಕಡೆ ನೋಡಿ, ಇಲ್ಲಿ ಆ ಮೇಜರುಗಳಿಲ್ಲ (ಮೇಜರ್ ಎಂದರೆ ಪದವಿಯ ಮುಖ್ಯ ವಿಷಯ). ಫಿಸಿಕ್ಸ್ ಓದಿದರೂ ಸಿಗುವುದು ಬಿ.ಎ. ಪದವಿಯೇ. ಊರಿಗೆ ಮರಳಿ ಎಂ.ಎಸ್ಸಿ.ಗೆ ಅರ್ಜಿ ಹಾಕುವಾಗ ಟ್ರಾನ್ಸ್‌ಕ್ರಿಪ್ಟ್ ಜೊತೆಗೆ ಪಠ್ಯಕ್ರಮದ ವಿವರವನ್ನೂ ಕೈಯಲ್ಲಿಟ್ಟುಕೊಳ್ಳಿ.

ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಆಲ್ಬನಿ, ಕಾರಿನಲ್ಲಿ ಸುಮಾರು ಒಂದು ಗಂಟೆ. ಊರಿಗೆ ರೈಲಿಲ್ಲ. ಹಿಮ ಬೀಳುವ ತಿಂಗಳುಗಳಲ್ಲಿ ವಿಮಾನದ ಹೊತ್ತಿಗೂ ಹೊರಡುವ ಹೊತ್ತಿಗೂ ನಡುವೆ ಧಾರಾಳ ಬಿಡುವಿಡಿ.

ಕೆಲಸದ ಕಡೆ ಕಣ್ಣಿರುವವರು ಮೇಜರ್ ಘೋಷಿಸುವ ಮೊದಲೇ ಅದರ ಸಿಐಪಿ ಕೋಡ್ (ಓದುವ ವಿಷಯಕ್ಕೆ ಅಮೆರಿಕ ಸರ್ಕಾರ ಕೊಟ್ಟ ಸಂಖ್ಯೆ) ಕೇಳಿ ತಿಳಿದುಕೊಳ್ಳಿ, ಆಮೇಲೆ ವಿದ್ಯಾರ್ಥಿ ವೀಸಾಕ್ಕೆ ಕಾಲೇಜು ಕೊಡುವ ಐ-20 ಪತ್ರದಲ್ಲಿ ಅದೇ ಬಂದಿದೆಯೇ ನೋಡಿ. ಪದವಿಯ ನಂತರದ ಒಪಿಟಿ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ ಓದಿದ ವಿಷಯದ ಕೆಲಸ ಮಾಡುವ ಅನುಮತಿ, 12 ತಿಂಗಳು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ಕೋಡ್ ಇದ್ದರೆ ಮಾತ್ರ ಇನ್ನೂ 24 ತಿಂಗಳು ಕೇಳಬಹುದು.